ದಿಗ್ಬಂಧನದ ದಿನಗಳೂ ಗೃಹಸ್ಥನ ನಿತ್ಯಾಚರಣೆಯೂ

ಶರಣಧರ್ಮವು ಮುಖ್ಯವಾಗಿ ಗೃಹಸ್ಥರ ಧರ್ಮವೆಂಬುದು ಸದ್ಭಕ್ತರೆಲ್ಲರೂ ಬಲ್ಲ ವಿಷಯ. ಕಾಡು ಸೇರಿ ದೇಹವನ್ನು ದಂಡಿಸುವುದಕ್ಕಿಂತ, ಮನೆಯಲ್ಲಿದ್ದು ದುಡಿದುಂಡು ಹಂಚಿ ಬಾಳುವುದೇ ಹಿರಿದೆಂದು ಕಲ್ಯಾಣದ ಶರಣರು ಬೋಧಿಸಿದರು. ಆದರೆ ಆ ಮನೆಯೊಳಗೇ ಇರತಕ್ಕದ್ದು, ಹೊಸ್ತಿಲು ದಾಟಕೂಡದು ಎಂಬ ಆಜ್ಞೆ ಬಂದಾಗ ಗೃಹಸ್ಥನ ಧರ್ಮವು ಹೇಗೆ ನಡೆಯಬೇಕು? ಪೂಜೆ ಹೇಗೆ, ಕಾಯಕ ಹೇಗೆ, ದಾಸೋಹ ಹೇಗೆ? ಮುಚ್ಚಿದ ಬಾಗಿಲು ಮತ್ತೆ ತೆರೆಯುವ ದಿನವನ್ನು ಅವನು ಯಾವ ಮನಸ್ಸಿನಿಂದ ಕಾಯಬೇಕು? ಕೋವಿಡ್ ಮಹಾಮಾರಿಯ ಕಾಲದಲ್ಲಿ ನಮ್ಮ ಮುಂದೆ ಬಂದು ನಿಂತ ಈ ಪ್ರಶ್ನೆಗಳು ಆ ರೋಗದೊಡನೆಯೇ ತೀರಿಹೋದವುಗಳಲ್ಲ. ಆದಕಾರಣ ಅವುಗಳನ್ನು ವಚನತತ್ತ್ವದ ಬೆಳಕಿನಲ್ಲಿ ಪರ್ಯಾಲೋಚಿಸುವುದೇ ಈ ಪಾಠದ ಉದ್ದೇಶ.

ನಡೆದ ಸಂಗತಿ

2020 ನೆಯ ಇಸವಿಯ ಮಾರ್ಚ್ 11 ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಅದಕ್ಕೆ ಮುನ್ನಾ ದಿನವೇ, ಮಾರ್ಚ್ 10 ರಂದು, ನಮ್ಮ ನೆರೆಯ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಭಾರತದಲ್ಲಿ ಆ ರೋಗದಿಂದಾದ ಮೊದಲನೆಯ ಮರಣ ಅದೇ ಎಂದು ಎರಡು ದಿನಗಳ ಬಳಿಕ ದೃಢಪಟ್ಟಿತು. ಎಲ್ಲಿಯೋ ದೂರದ ದೇಶದ ಸುದ್ದಿಯೆಂದುಕೊಂಡಿದ್ದುದು ಹೀಗೆ ಕಲ್ಯಾಣ ಕರ್ನಾಟಕದ ಅಂಗಳಕ್ಕೇ ಬಂದು ನಿಂತಿತು.

ಮಾರ್ಚ್ 22 ರಂದು ಜನತಾ ಕರ್ಫ್ಯೂ ನಡೆಯಿತು. ಮಾರ್ಚ್ 25 ರಿಂದ ಇಡೀ ದೇಶಕ್ಕೆ ಲಾಕ್‌ಡೌನ್ ಜಾರಿಗೆ ಬಂದಿತು. ಅಂದು ಯುಗಾದಿ, ಬೇವುಬೆಲ್ಲ ಹಂಚುವ ದಿನವೇ ಮನೆಮನೆಯ ಕದ ಮುಚ್ಚಿತು. ಮೊದಲು 21 ದಿನಗಳೆಂದು ಹೇಳಿದ್ದುದು ಮೇ 3 ರ ವರೆಗೆ, ಮೇ 17 ರ ವರೆಗೆ, ಮೇ 31 ರ ವರೆಗೆ ಬೆಳೆಯುತ್ತ ಹೋಯಿತು. ಏಪ್ರಿಲ್ 26 ರಂದು ಬಂದ ಬಸವ ಜಯಂತಿಗೆ ಮೆರವಣಿಗೆಯಿಲ್ಲ, ಸಭೆಯಿಲ್ಲ. ದೇವಾಲಯಗಳ ಬಾಗಿಲು ತೆರೆದುದು ಜೂನ್ 8 ರಂದು. ಮಾರ್ಚ್ 25 ರಿಂದ ಎಣಿಸಿದರೆ ನಡುವೆ 75 ದಿನಗಳು ಸಂದವು. ಮರುವರುಷ, 2021 ರ ಏಪ್ರಿಲ್ 27 ರಿಂದ ನಮ್ಮ ರಾಜ್ಯದಲ್ಲಿ ಮತ್ತೊಮ್ಮೆ ನಿರ್ಬಂಧಗಳು ಬಂದವು. ಮೇ 14 ರ ಬಸವ ಜಯಂತಿಯೂ ಮನೆಯೊಳಗೇ ಆಯಿತು. ಪೂಜಾಸ್ಥಾನಗಳು ಭಕ್ತರಿಗೆ ಪುನಃ ತೆರೆದುದು ಜುಲೈ 5 ರಂದು.

ಮೆಹಕರ, ಭಾಲ್ಕಿ, ಔರಾದ ಸೀಮೆಯ ಜನರಿಗೆ ಈ ದಿಗ್ಬಂಧನವು ಇನ್ನೊಂದು ವಿಧದಲ್ಲಿಯೂ ತಟ್ಟಿತು. 1956 ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಅತ್ತ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡಗಳು ಇತ್ತ ತೆಲುಗು ಸೀಮೆಗೆ ಸೇರಿದವು. ಆದರೆ ಬೀಗತನ ಪಾಲಾಗಲಿಲ್ಲ. ಮಗಳನ್ನು ಕೊಟ್ಟ ಮನೆ ಗಡಿಯ ಆಚೆ, ಸೊಸೆಯ ತವರು ಗಡಿಯ ಆಚೆ. 2020 ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕವು ಪ್ರವೇಶವನ್ನು ತಡೆದಾಗ, ಅಲ್ಲಿಯವರೆಗೆ ಕಾಗದದ ಮೇಲೆ ಮಾತ್ರ ಇದ್ದ ಗೆರೆಯು ತಾಯಿಮಕ್ಕಳ ನಡುವೆ ನಿಜವಾದ ಗೋಡೆಯಾಗಿ ನಿಂತಿತು. ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಹೋದವರು ಅಲ್ಲಿಯೂ ನಿಲ್ಲಲಾರದೆ ಇಲ್ಲಿಗೂ ಬರಲಾರದೆ ಬವಣೆಪಟ್ಟರು.

ಅಂಗೈಯ ಲಿಂಗಕ್ಕೆ ಬೀಗವಿಲ್ಲ

ಇನ್ನು ತತ್ತ್ವವಿಚಾರಕ್ಕೆ ಬರೋಣ. ದೇಗುಲಗಳು ಮುಚ್ಚಿದಾಗ ಭಕ್ತಜನರು ಬಹಳವಾಗಿ ಕಳವಳಗೊಂಡರು. ಈ ಕಳವಳವು ಸಹಜವೇ ಸರಿ. ಆದರೆ ಇಷ್ಟಲಿಂಗಧಾರಿಯಾದವನು ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸಬೇಕು. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಮನುಷ್ಯನ ದೇಹವನ್ನೇ ದೇವರ ನೆಲೆಯೆಂದು ಬಗೆದರು. ಗುಡಿಯನ್ನು ಕಟ್ಟಿಸಲಾರದ ಬಡವನ ಅಂಗೈಗೇ ದೇವರನ್ನು ತಂದುಕೊಟ್ಟರು. ಅಂದು ಆ ಉಪದೇಶವು, ಗುಡಿಯ ಬಾಗಿಲು ಯಾರಿಗೆ ಎಂದೂ ತೆರೆಯಲಿಲ್ಲವೋ ಅಂಥವರಿಗಾಗಿ ಹುಟ್ಟಿತು. ಎಂಟುನೂರು ವರುಷಗಳ ತರುವಾಯ ಎಲ್ಲರಿಗೂ ಗುಡಿಯ ಬಾಗಿಲು ಮುಚ್ಚಿದಾಗ ಅದರ ಬೆಲೆಯು ಪುನಃ ಬೆಳಗಿತು. ತ್ರಿಕಾಲ ಪೂಜೆಗೆ ಮೂರಡಿ ನೆಲ, ಒಂದು ಬಟ್ಟಲು ನೀರು, ಒಂದು ಚಿಟಿಕೆ ವಿಭೂತಿ ಸಾಕು. ಯಾವ ಸರಕಾರದ ಆಜ್ಞೆಯೂ ಇದನ್ನು ತಡೆಯಲಿಲ್ಲ, ತಡೆಯುವ ಅಗತ್ಯವೂ ಇರಲಿಲ್ಲ.

ಕಲ್ಯಾಣಕ್ರಾಂತಿಯ ಬಳಿಕ ಶರಣರು ಚದರಿಹೋದ ಚರಿತ್ರೆಯನ್ನು ಇಲ್ಲಿ ನೆನೆಯತಕ್ಕದ್ದು. ಚನ್ನಬಸವಣ್ಣನವರೇ ಮೊದಲಾದವರು ವಚನಗಳ ಕಟ್ಟುಗಳೊಡನೆ ಉಳವಿಯ ಅರಣ್ಯದ ಕಡೆ ನಡೆದರೆಂದು ಪರಂಪರೆ ಹೇಳುತ್ತದೆ. ಅನುಭವ ಮಂಟಪವು ಹಿಂದೆ ಉಳಿಯಿತು, ಮಹಾಮನೆಯು ಹಿಂದೆ ಉಳಿಯಿತು. ಅನುಭಾವವು ಮಾತ್ರ ಅವರೊಡನೆ ನಡೆಯಿತು. ಕಟ್ಟಡವನ್ನು ನೆಚ್ಚಿದ ಧರ್ಮವಾಗಿದ್ದರೆ ಅದು ಅಂದೇ ಮುಗಿಯಬೇಕಾಗಿತ್ತು.

ಆದರೆ ಇದರಿಂದ, ಮನೆಯಲ್ಲಿ ಕುಳಿತು ಲಿಂಗಪೂಜೆ ಮಾಡಿದರೆ ಸಾಕು, ನೆರೆಯವರ ಗೊಡವೆ ಬೇಡ ಎಂದು ಯಾರೂ ಅರ್ಥಮಾಡಕೂಡದು. ಅಷ್ಟಾವರಣದಲ್ಲಿ ಲಿಂಗವು ಒಂಟಿಯಾಗಿಲ್ಲ. ಅದರ ಹಿಂದೆ ಗುರುವುಂಟು, ಮುಂದೆ ಜಂಗಮವುಂಟು. ಬಾಗಿಲು ಮುಚ್ಚಿದ್ದರಿಂದ ಲಿಂಗಪೂಜೆಗೆ ಕುಂದಾಗಲಿಲ್ಲವೆಂಬುದು ನಿಜ. ಜಂಗಮಸೇವೆಯೇ ಆಗ ಪರೀಕ್ಷೆಗೆ ಒಳಗಾಯಿತು.

ಸೂತಕವಲ್ಲ, ಎಚ್ಚರ

ಆ ಪರೀಕ್ಷೆಯಲ್ಲಿ ನಾವು ಎಡವಬಹುದಾಗಿದ್ದ ಮೊದಲನೆಯ ಸ್ಥಳ ಇದು. ಶರಣರು ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಕಿತ್ತೊಗೆದರು. ಹಾಗಾದರೆ ರೋಗಿಯಿಂದ ದೂರವಿರಿ, ಕೈ ಕುಲುಕಬೇಡಿ, ಒಂದೇ ಪಾತ್ರೆಯಲ್ಲಿ ತಿನ್ನಬೇಡಿ ಎಂದರೆ ಸೂತಕವು ಹಿಂದಿನ ಬಾಗಿಲಿನಿಂದ ಮರಳಿ ಬಂದಂತಾಗಲಿಲ್ಲವೇ ಎಂದು ಕೆಲವರು ಕೇಳುವುದುಂಟು.

ಎರಡಕ್ಕೂ ಇರುವ ಅಂತರವನ್ನು ಮನಗಾಣಬೇಕು. ಸೂತಕವು ಮನುಷ್ಯನನ್ನೇ ಮೈಲಿಗೆಯೆನ್ನುತ್ತದೆ. ಅದಕ್ಕೆ ಕಾರಣ ಕೇಳಿದರೆ ರೂಢಿಯನ್ನು ತೋರಿಸುತ್ತದೆ. ಜಾತಿಸೂತಕಕ್ಕಂತೂ ಅವಧಿಯೇ ಇಲ್ಲ. ಎಚ್ಚರವಾದರೋ ರೋಗಾಣುವನ್ನು ದೂರವಿಡುತ್ತದೆಯೇ ಹೊರತು ಮನುಷ್ಯನನ್ನಲ್ಲ. ಕೋವಿಡ್ ರೋಗವು ಉಸಿರಿನ ಮೂಲಕ ಹರಡುವುದು. ಜ್ವರ, ಕೆಮ್ಮು ಕಾಣಿಸುವ ಮೊದಲೇ ಒಬ್ಬನಿಂದ ಇನ್ನೊಬ್ಬನಿಗೆ ದಾಟಬಲ್ಲುದು. ಆದಕಾರಣವೇ ಆರೋಗ್ಯವಂತನಂತೆ ಕಾಣುವವನೂ ಬಾಯಿಮೂಗು ಮುಚ್ಚಿಕೊಳ್ಳಬೇಕಾಯಿತು. ಸೋಂಕಿತರ ಸಂಪರ್ಕದಲ್ಲಿದ್ದವರು 14 ದಿನ ಪ್ರತ್ಯೇಕವಾಗಿರಬೇಕೆಂದು ಆಗ ವಿಧಿಸಲಾಯಿತು. ಅವಧಿ ಮುಗಿದ ಮೇಲೆ ಅವನು ಎಲ್ಲರಂತೆ ಒಬ್ಬ. ವಿಶ್ವ ಆರೋಗ್ಯ ಸಂಸ್ಥೆಯೂ ‘ಸಾಮಾಜಿಕ ಅಂತರ’ ಎಂಬ ಮಾತಿಗಿಂತ ‘ದೈಹಿಕ ಅಂತರ’ ಎಂಬುದೇ ಯುಕ್ತವೆಂದು 2020 ರಲ್ಲಿಯೇ ಸೂಚಿಸಿತು. ದೇಹಗಳು ದೂರವಿರಲಿ, ಮನಗಳು ದೂರವಾಗದಿರಲಿ ಎಂಬುದೇ ಅದರ ತಾತ್ಪರ್ಯ.

ನಮ್ಮ ಹಿರಿಯರಿಗೂ ಈ ವಿವೇಕವಿತ್ತು. 1896 ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ದಖ್ಖನಿನ ಊರೂರುಗಳಿಗೆ ಹಬ್ಬಿದಾಗ, ಇಲಿ ಬಿದ್ದ ಕೂಡಲೇ ಜನರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗು ಇಲಿಯ ಮೈಯ ಚಿಗಟದಿಂದ ಬರುವುದು, ಇಲಿಯು ಮನೆಯೊಳಗಿರುವುದು, ಆದ್ದರಿಂದ ಅಂದು ಮನೆ ಬಿಡುವುದೇ ರಕ್ಷಣೆಯಾಯಿತು. ಕೋವಿಡ್ ಮನುಷ್ಯನ ಉಸಿರಿನಿಂದ ಬರುವುದು. ಆದ್ದರಿಂದ ಇಂದು ಮನೆ ಸೇರುವುದೇ ರಕ್ಷಣೆಯಾಯಿತು. ಕ್ರಮಗಳು ವಿರುದ್ಧವಾಗಿ ಕಂಡರೂ ಹಿಂದಿರುವ ವಿವೇಕ ಒಂದೇ: ಕಾರಣವನ್ನರಿತು ನಡೆಯುವುದು. ರೂಢಿಗಂಜಿ ನಡೆಯುವುದು ಸೂತಕ, ಕಾರಣವನ್ನರಿತು ನಡೆಯುವುದು ಎಚ್ಚರ.

ಆದರೆ ಕೆಲವೆಡೆ ಎಚ್ಚರವು ಸೂತಕವಾಗಿ ಕೆಟ್ಟುದೂ ಉಂಟು. ಗುಣಹೊಂದಿ ಮನೆಗೆ ಬಂದವರನ್ನು ವಾರಗಟ್ಟಲೆ ಮಾತಾಡಿಸದವರಿದ್ದರು. ಮುಂಬಯಿಯಿಂದ ಮರಳಿದ ತಮ್ಮ ಊರಿನ ಮಗನನ್ನೇ ಕಳ್ಳನಂತೆ ಕಂಡವರಿದ್ದರು. ರೋಗವನ್ನು ಒಂದು ಮತಕ್ಕೆ, ಒಂದು ಕೇರಿಗೆ ಅಂಟಿಸಿ ಮಾತಾಡಿದವರಿದ್ದರು. ಅಂಥವರು ಲಿಂಗವನ್ನು ಕಟ್ಟಿಕೊಂಡಿದ್ದರೂ ಪಂಚಸೂತಕವನ್ನು ಬಿಟ್ಟಿರಲಿಲ್ಲವೆಂದೇ ತಿಳಿಯಬೇಕು.

ಕಾಯಕವು ನಿಂತಾಗ

ಎರಡನೆಯ ಪ್ರಶ್ನೆ ಕಾಯಕದ್ದು. ಕಾಯಕವನ್ನು ಬಿಡಕೂಡದೆಂಬುದು ಶರಣರ ಕಟ್ಟಳೆ. ಕಾಯಕ ಮಾಡಕೂಡದೆಂಬುದು ಅಂದಿನ ಸರಕಾರದ ಕಟ್ಟಳೆ. ಎರಡರ ನಡುವೆ ಸಿಕ್ಕ ನೇಕಾರ, ಬಡಿಗ, ಚಾಲಕ, ಹೋಟೆಲಿನ ಕೆಲಸಗಾರ ಏನು ಮಾಡಬೇಕು?

ಕೆಲವು ಕಾಯಕಗಳು ನಿಲ್ಲಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಒಕ್ಕಲುತನಕ್ಕೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿಯೇ ವಿನಾಯಿತಿ ದೊರೆಯಿತು. ಆದರೆ ಹೊಲಕ್ಕೆ ಹೋಗಬಹುದಾಗಿದ್ದರೂ, ಬೆಳೆದ ತರಕಾರಿ ಹಣ್ಣುಗಳನ್ನು ಸಂತೆಗೆ ಒಯ್ಯಲಾರದೆ ನಷ್ಟಪಟ್ಟವರು ಅನೇಕರು. ಏಪ್ರಿಲ್ 20 ರಿಂದ ಉದ್ಯೋಗಖಾತ್ರಿಯ ಕೆಲಸಗಳಿಗೆ ಅನುಮತಿ ಬಂದಿತು; ಆ ವರುಷ ನಮ್ಮ ರಾಜ್ಯದಲ್ಲಿ ದಿನದ ಕೂಲಿ 249 ರೂಪಾಯಿಯಿಂದ 275 ಕ್ಕೆ ಏರಿತ್ತು. ನಗರದಲ್ಲಿ ಬೇರೆ ಬೇರೆ ಕಸುಬು ಮಾಡುತ್ತಿದ್ದವರಿಗೆ ಊರಿನ ಬದು, ಕಾಲುವೆ, ಕೆರೆಗಳ ಮಣ್ಣುಕೆಲಸವೇ ಆಸರೆಯಾಯಿತು. ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲವೆಂಬ ಮಾತನ್ನು ವೇದಿಕೆಯ ಮೇಲೆ ಕೇಳಿದ್ದವರು ಅಂದು ಅದನ್ನು ಸಲಿಕೆ ಹಿಡಿದು ಕಲಿತರು.

ಊರಿಗೆಲ್ಲ ಮನೆಯಲ್ಲಿರಿ ಎಂದಾಗ ಮನೆಯಿಂದ ಹೊರಗೆ ಹೋಗಲೇಬೇಕಾದ ಕಾಯಕಜೀವಿಗಳೂ ಇದ್ದರು. ಬೀದಿ ಗುಡಿಸುವವರು, ಮನೆಮನೆಗೆ ಹೋಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯರು, ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಹಗಲಿರುಳು ದುಡಿದ ದಾದಿಯರು, ವೈದ್ಯರು ಇವರೇ. ಕಸ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಸತ್ಯಕ್ಕನೂ ಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನೂ ಶರಣಮಂಡಲದಲ್ಲಿ ಸಮಾನವಾಗಿ ಕುಳಿತುದು ಏಕೆಂಬುದು ಆ ದಿನಗಳಲ್ಲಿ ಕಣ್ಣಿಗೆ ಕಾಣುವಂತಾಯಿತು.

ಇನ್ನು ಮನೆಯೊಳಗಿನ ಕಾಯಕ. ಗಂಡಸರೂ ಮಕ್ಕಳೂ ದಿನವಿಡೀ ಮನೆಯಲ್ಲಿದ್ದಾಗ ಯಜಮಾನನಿಗೆ ಅದು ಬಿಡುವಾಯಿತು. ಗೃಹಿಣಿಗೆ ಮಾತ್ರ ದುಡಿಮೆ ಇಮ್ಮಡಿಯಾಯಿತು. ಸತಿಪತಿಗಳು ಒಂದಾದ ಭಕ್ತಿಯನ್ನು ಹೊಗಳಿದ ಶರಣರ ವಾರಸುದಾರರಾದವರು ಆಗ ಒಂದು ಕೊಡ ನೀರನ್ನಾದರೂ ತಂದರೇ, ಒಂದು ರೊಟ್ಟಿಯನ್ನಾದರೂ ತಟ್ಟಿದರೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳ್ಳೆಯದು. ಮನೆಗೆಲಸವೂ ಕಾಯಕವೇ ಹೌದಾದರೆ ಅದರಲ್ಲಿ ಗಂಡಸಿಗೂ ಪಾಲುಂಟು.

ಆದರೂ ಕೂಲಿ ನಿಂತು ಒಲೆ ಹೊತ್ತದ ಮನೆಗೆ ಹೋಗಿ ಕಾಯಕತತ್ತ್ವವನ್ನು ಉಪದೇಶಿಸುವುದು ಶರಣಮಾರ್ಗವಲ್ಲ. ಅಲ್ಲಿಗೆ ಉಪದೇಶಕ್ಕೆ ಮೊದಲು ಅಕ್ಕಿ ಹೋಗಬೇಕು. ಆದ್ದರಿಂದ ವಿಚಾರವು ದಾಸೋಹಕ್ಕೆ ಬಂದು ನಿಲ್ಲುತ್ತದೆ.

ದಾಸೋಹದ ಹೊಸ ರೂಪ

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಅರಿಯದವರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳವರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದು ಆಸೆಯೆಂದು ತಿಳಿಹೇಳಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ಲಾಕ್‌ಡೌನಿನ ಸುದ್ದಿ ಕೇಳಿದ ರಾತ್ರಿ ಅಂಗಡಿಗಳಿಗೆ ಮುಗಿಬಿದ್ದು ಆರು ತಿಂಗಳಿನ ಗೋಧಿ ಎಣ್ಣೆಗಳನ್ನು ಹೊತ್ತು ತಂದವರ ಮನೆಯಲ್ಲಿ ಲಕ್ಕಮ್ಮನಿದ್ದರೆ ಏನೆನ್ನುತ್ತಿದ್ದಳು? ದಿನಗೂಲಿಯವನು ಮರುದಿನ ಅಂಗಡಿಗೆ ಹೋಗುವಾಗ ಅವನ ಪಾಲಿನ ಸೇರು ಅಕ್ಕಿ ಇನ್ನೊಬ್ಬರ ಕಣಜದಲ್ಲಿದ್ದಿತು. ಸಂಗ್ರಹವು ವಿವೇಕವೆನ್ನುವವರುಂಟು, ನೆರೆಯವನ ಇಂದಿನ ಊಟವನ್ನು ಕಸಿಯದ ಸಂಗ್ರಹ ಮಾತ್ರ ವಿವೇಕ, ಉಳಿದುದು ಆಸೆ.

ಕೇಂದ್ರ ಸರಕಾರವು 2020 ರ ಏಪ್ರಿಲಿನಿಂದ ಪಡಿತರದಾರರಿಗೆ ತಲೆಗೆ 5 ಕಿಲೋ ಧಾನ್ಯವನ್ನು ಹೆಚ್ಚುವರಿಯಾಗಿ, ಉಚಿತವಾಗಿ ಕೊಡತೊಡಗಿತು. ಆದರೆ ಪಡಿತರ ಚೀಟಿಯು ಒಂದೂರಿನಲ್ಲಿ, ಹೊಟ್ಟೆಯು ಇನ್ನೊಂದೂರಿನಲ್ಲಿ ಆದವರ ಪಾಡೇನು? ಹೆದ್ದಾರಿಗಳಲ್ಲಿ ಗಂಟುಮೂಟೆ ಹೊತ್ತು ನಡೆದವರಿಗೆ ನೀರು ರೊಟ್ಟಿ ಕೊಟ್ಟ ಊರವರೇ ಅಂದು ನಿಜವಾದ ದಾಸೋಹಿಗಳು. ಅವರಲ್ಲಿ ಲಿಂಗಧಾರಿಗಳು ಯಾರು, ಅಲ್ಲದವರು ಯಾರು ಎಂದು ಉಂಡವರು ಕೇಳಲಿಲ್ಲ, ಬಡಿಸಿದವರು ಹೇಳಲಿಲ್ಲ.

ಪಂಕ್ತಿಭೋಜನ ಸಾಧ್ಯವಿಲ್ಲದಾಗ ದಾಸೋಹವು ಪೊಟ್ಟಣದ ರೂಪ ತಾಳಿತು. ಗಮನಿಸತಕ್ಕ ಸಂಗತಿಯೊಂದುಂಟು: 2020 ರ ಜೂನಿನಲ್ಲಿ ಪೂಜಾಸ್ಥಾನಗಳನ್ನು ತೆರೆಯುವಾಗ ಆರೋಗ್ಯ ಸಚಿವಾಲಯವು ತೀರ್ಥಪ್ರಸಾದಗಳ ಹಂಚಿಕೆಯನ್ನು ತಡೆದರೂ, ಅನ್ನದಾನವನ್ನು ಅಂತರ ಕಾಯ್ದು ನಡೆಸಲು ಅವಕಾಶವಿತ್ತಿತು. ವಿಧಿಯ ಪ್ರಸಾದ ನಿಂತಿತು, ಹಸಿವಿನ ಪ್ರಸಾದ ನಿಲ್ಲಲಿಲ್ಲ. ಹಸಿದವನಿಗಿತ್ತ ಅನ್ನವೂ ಪ್ರಸಾದವೇ ಎಂದು ಬಲ್ಲ ಶರಣನಿಗೆ ಇದರಲ್ಲಿ ಕೊರತೆಯೇನೂ ಕಾಣದು.

ಮಕ್ಕಳ ವಿದ್ಯೆ

ಎಲ್ಲಕ್ಕಿಂತ ದೀರ್ಘಕಾಲ ಮುಚ್ಚಿದ್ದುದು ಶಾಲೆಯ ಬಾಗಿಲು. 10 ನೆಯ ತರಗತಿಯವರಿಗೆ ಅದು 2021 ರ ಜನವರಿ 1 ರಂದು ತೆರೆಯಿತು; 1 ರಿಂದ 5 ನೆಯ ತರಗತಿಯ ಎಳೆಯರಿಗೆ ತೆರೆದುದು ಅಕ್ಟೋಬರ್ 25 ರಂದು. ಅಂದರೆ ಒಂದೂವರೆ ವರುಷಕ್ಕೂ ಮಿಕ್ಕ ಕಾಲ! ನಡುವೆ ದೂರದರ್ಶನ ಚಂದನದಲ್ಲಿ ಪಾಠಗಳು ಬಂದವು. 2020 ರ ಆಗಸ್ಟಿನಲ್ಲಿ ಶಿಕ್ಷಕರೇ ಓಣಿಗಳಿಗೆ ಹೋಗಿ ಕಲಿಸುವ ವಿದ್ಯಾಗಮ ಆರಂಭವಾಗಿ, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಮೊಬೈಲು ಇದ್ದ ಮನೆಯ ಮಗು ಕಲಿಯಿತು, ಇಲ್ಲದ ಮನೆಯದು ಹೊಲಕ್ಕೆ ಹೋಯಿತು.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಹಿರಿಯ ಮೇಲ್ಪಂಕ್ತಿಯುಂಟು. ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗೆ ಆಸ್ಪದವಿಲ್ಲದಿದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಒಂದು ಬಾಗಿಲು ಮುಚ್ಚಿತೆಂದು ಅವರು ತೆರೆಯುವ ದಿನವನ್ನು ಕಾಯುತ್ತ ಕುಳಿತುಕೊಳ್ಳಲಿಲ್ಲ. ಈ ನೆನಪುಳ್ಳ ನಾಡಿನಲ್ಲಿ, ಅಕ್ಷರ ಬಲ್ಲ ಪ್ರತಿಯೊಬ್ಬ ತಾಯಿ, ಅಣ್ಣ, ಅಕ್ಕ ಆ ದಿನಗಳಲ್ಲಿ ತಮ್ಮ ಪಡಸಾಲೆಯನ್ನೇ ಶಾಲೆಯಾಗಿಸಬಹುದಾಗಿದ್ದಿತು. ಎಷ್ಟೋ ಮನೆಗಳಲ್ಲಿ ಹಾಗೆ ನಡೆಯಿತು. ನಡೆಯದ ಮನೆಗಳ ಮಕ್ಕಳನ್ನು ಕೈಹಿಡಿದು ಮೇಲೆತ್ತುವ ಋಣವು ನಮ್ಮ ಸಮಾಜದ ಮೇಲೆ ಇನ್ನೂ ಉಂಟು.

ಕಡೆಯ ದರ್ಶನವಿಲ್ಲದ ಅಗಲಿಕೆ

ಈ ಪಾಠದ ಅತಿ ಕಠಿನವಾದ ಭಾಗ ಇದು. ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಬಂಧುಗಳೆಲ್ಲ ಕೈಮುಟ್ಟಿ ಸಮಾಧಿ ಮಾಡುವುದು ಪದ್ಧತಿ. ಕೋವಿಡ್ಡಿನಿಂದ ತೀರಿದವರಿಗೆ ಇದಾವುದೂ ಆಗಲಿಲ್ಲ. ದೇಹವು ಮುಚ್ಚಿದ ಚೀಲದಲ್ಲಿ ಬಂದಿತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು ನಿಷಿದ್ಧವಾಯಿತು. ದೇಹವನ್ನು ಮುಟ್ಟದೆ ಮಾಡಬಹುದಾದ ಪಠಣವೇ ಮೊದಲಾದವುಗಳಿಗೆ, ದೂರದಿಂದ ಮುಖ ನೋಡುವುದಕ್ಕೆ ಮಾತ್ರ ಕೇಂದ್ರದ ಸೂಚನೆಗಳಲ್ಲಿ ಅವಕಾಶವಿದ್ದಿತು. 2020 ರ ಸೆಪ್ಟೆಂಬರಿನಲ್ಲಿ ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರೂ ಈ ರೋಗಕ್ಕೆ ಬಲಿಯಾದರು. ಬಡವಬಲ್ಲಿದರೆನ್ನದೆ ಎಲ್ಲ ಮನೆಗಳಿಗೂ ಅದು ಬಂದಿತು.

ತಂದೆಗೆ ಮಣ್ಣು ಕೊಡಲಾಗಲಿಲ್ಲ, ಅವರಿಗೆ ಸದ್ಗತಿ ದೊರೆಯಿತೋ ಇಲ್ಲವೋ ಎಂದು ಇಂದಿಗೂ ಕೊರಗುವ ಮಕ್ಕಳಿದ್ದಾರೆ. ಅವರು ತಿಳಿಯಬೇಕಾದುದು ಇಷ್ಟು. ಲಿಂಗಾಂಗಸಾಮರಸ್ಯವು ಬದುಕಿರುವಾಗ ಸಾಧಿಸುವ ವಸ್ತು; ಮಣ್ಣು ಮಾಡುವವರ ಕೈಯಲ್ಲಿ ಅದಿಲ್ಲ. ಶರಣರು ಮರಣಸೂತಕವನ್ನು ಅಲ್ಲಗಳೆದುದೂ ಇದೇ ಕಾರಣದಿಂದ. ಕ್ರಿಯೆಯ ಲೋಪದಿಂದ ಶರಣನ ಗತಿ ಕೆಡುವುದಿಲ್ಲ. ಕೆಟ್ಟುದು ಬದುಕಿರುವವರ ಸಮಾಧಾನ. ಆ ದುಃಖ ನಿಜ, ಅದಕ್ಕೆ ನಾಚಬೇಕಾದುದಿಲ್ಲ. ಅಗಲಿದವರ ಹೆಸರಿನಲ್ಲಿ ಒಂದು ದಿನದ ದಾಸೋಹ, ಒಬ್ಬ ವಿದ್ಯಾರ್ಥಿಯ ಪುಸ್ತಕದ ವೆಚ್ಚ, ಬಂಧುಗಳೆಲ್ಲ ಕೂಡಿ ಒಂದು ಸ್ಮರಣೆ ಇವನ್ನು ಇಷ್ಟು ವರುಷಗಳ ಬಳಿಕವೂ ಮಾಡಬಹುದು. ಅಂದು ಅಪರಿಚಿತನಾದರೂ ಕವಚ ತೊಟ್ಟು ಆ ದೇಹವನ್ನು ನೆಲಕ್ಕಿಳಿಸಿದವನನ್ನು ಆಗ ನೆನೆಯತಕ್ಕದ್ದು. ಮಗನು ಮಾಡಬೇಕಾದುದನ್ನು ಮಾಡಿದವನು ಅವನು.

ಯಾವ ಬಾಗಿಲನ್ನು ಕಾದೆವು?

ಕಡೆಯದಾಗಿ ತೆರೆಯುವಿಕೆಯ ವಿಚಾರ. 2020 ರ ಮೇ 4 ರಂದು, 40 ದಿನಗಳ ಬಳಿಕ, ನಮ್ಮ ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಬೆಳಗಾಗುವ ಮೊದಲೇ ಸಾಲುಗಳು ನಿಂತಿದ್ದವು. ಗುಡಿಯ ಬಾಗಿಲು ತೆರೆಯುವುದಕ್ಕೆ ಇನ್ನೂ ತಿಂಗಳಿಗೂ ಮೇಲ್ಪಟ್ಟ ಕಾಲವಿತ್ತು. ಆ 40 ದಿನಗಳಲ್ಲಿ ಕುಡಿತವಿಲ್ಲದೆ ನೆಮ್ಮದಿಯಿಂದುಂಡ ಮನೆಗಳು ಎಷ್ಟೋ! ಬಿಡಲಾರೆನೆಂದವನು ಬಿಟ್ಟುದೂ ಉಂಟು, ಬಿಟ್ಟುದನ್ನು ಒಂದೇ ಮುಂಜಾನೆಯಲ್ಲಿ ಮರಳಿ ಹಿಡಿದುದೂ ಉಂಟು. ಮದುವೆಗಳಿಗೆ 50 ಜನರ ಮಿತಿಯಿದ್ದಾಗ ಸಾಲವಿಲ್ಲದೆ ಅಂಗಳದಲ್ಲಿಯೇ ಮದುವೆಗಳಾದವು. ಆ ದಾಂಪತ್ಯಗಳಿಗೆ ಅದರಿಂದೇನೂ ಕೊರತೆಯಾಗಲಿಲ್ಲ. ಮಿತಿ ಹೋದೊಡನೆ ಸಾವಿರಾರು ಎಲೆಗಳ ಊಟವೂ ಅದರ ಹಿಂದಿನ ಬಡ್ಡಿಯ ಸಾಲವೂ ಮರಳಿದವು.

ಕಾಯುವುದರಲ್ಲಿ ಎರಡು ಬಗೆ. ಹಿಂದಿನಂತೆಯೇ ಆಗಲೆಂದು ಕಾಯುವುದು ಒಂದು. ತೆರೆದಾಗ ಹೊಸಬನಾಗಿ ಹೊರಬರುವೆನೆಂದು ಸಿದ್ಧನಾಗುವುದು ಇನ್ನೊಂದು. ಮೊದಲನೆಯವನಿಗೆ 75 ದಿನಗಳು ಸೆರೆವಾಸ. ಎರಡನೆಯವನಿಗೆ ಅವೇ ವ್ರತ. 2021 ರ ಜನವರಿ 16 ರಿಂದ ಲಸಿಕೆ ಬಂದಿತು. 2023 ರ ಮೇ 5 ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹೊರಗಿನ ಬಾಗಿಲುಗಳೆಲ್ಲ ತೆರೆದು ವರುಷಗಳಾದವು. ಒಳಗೆ ಕಲಿತುದನ್ನು ಹೊರಗೆ ತಂದೆವೋ ಇಲ್ಲವೋ ಎಂಬುದೊಂದೇ ಉಳಿದ ಪ್ರಶ್ನೆ.

ಮನನಕ್ಕಾಗಿ

1. ದಿನಕ್ಕೊಮ್ಮೆಯಾದರೂ, ಮನೆಯವರೆಲ್ಲ ಕೂಡಿ, ಅಂಗೈಯ ಲಿಂಗದ ಮುಂದೆ ಮೌನವಾಗಿ ಕುಳಿತುಕೊಳ್ಳುವ ರೂಢಿಯನ್ನು ಆ ದಿನಗಳಂತೆ ಈಗಲೂ ನಡೆಸುವುದು.
2. ರೋಗದಲ್ಲಿ ಎಚ್ಚರವನ್ನು ಬಿಡದಿರುವುದು. ಎಚ್ಚರವು ಸೂತಕವಾಗದಂತೆ ಕಾಯುವುದು.
3. ಮನೆಗೆಲಸದಲ್ಲಿ ಗಂಡಸರೂ ಮಕ್ಕಳೂ ತಮ್ಮ ಪಾಲನ್ನು ಹೊರುವುದು.
4. ಸಂಗ್ರಹಿಸುವಾಗ ಲಕ್ಕಮ್ಮನನ್ನು ನೆನೆಯುವುದು. ಓಣಿಯಲ್ಲಿ ಒಲೆ ಹೊತ್ತದ ಮನೆ ಯಾವುದೆಂದು ತಿಳಿದಿರುವುದು.
5. ಶಾಲೆ ಮುಚ್ಚಿದ ಕಾಲದಲ್ಲಿ ಹಿಂದುಳಿದ ಒಂದು ಮಗುವಿಗಾದರೂ ಓದು ಬರೆಹದಲ್ಲಿ ನೆರವಾಗುವುದು.
6. ಮದುವೆಗಳನ್ನು ಸಾಲವಿಲ್ಲದೆ, ಅಂಗಳದ ಅಳತೆಯಲ್ಲಿ ನಡೆಸುವುದು.

ಇವುಗಳಲ್ಲಿ ಒಂದನ್ನಾದರೂ ಆಚರಣೆಗೆ ತಂದರೆ ಆ ದಿಗ್ಬಂಧನದ ದಿನಗಳು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.